ಸಾರಕ್ಕಿ ಕಣದ ಪಂದ್ಯವನ್ನು ರದ್ದುಪಡಿಸಿದ ಗೌರವ ಕಾರ್ಯದರ್ಶಿಗಳಿಗೆ

ತಿಲಕ್ ನಗರ,
೧೬ನೇ ಅಕ್ಟೋಬರ್ ೧೯೮೩

ದಕ್ಷಿಣ ಬಡಾವಣೆಗಳ ಬಾಲ್ ಬ್ಯಾಡ್ಮಿಂಟನ್ ಮಂಡಳಿಯ ಗೌರವ ಕಾರ್ಯದರ್ಶಿಗಳಾದ ಶ್ರೀ ಮರುಳಸಿದ್ದಪ್ಪನವರ ಸಮ್ಮುಖಕ್ಕೆ,

ಮಾನ್ಯರೇ,

ಸಾರಕ್ಕಿ ಯುವಕರ ಬಾಲ್ ಬ್ಯಾಡ್ಮಿಂಟನ್ ತಂಡದ ನಾಯಕನೂ ತಿಲಕ್ ನಗರ ಮುಖ್ಯರಸ್ತೆಯಲ್ಲಿ ದರ್ಜಿಯೂ ಆಗಿರುವ ಹನುಮಯ್ಯನೆಂಬ ನಾನು, ತಮಗೂ ತಮ್ಮ ಮನೆಮಂದಿಗೂ ಮಂಡಳಿಯ ಲೆಟರ್‌ಹೆಡ್ಡಿಗೂ ಬೇರೆಬೇರೆಯಾಗಿ ನಮಸ್ಕರಿಸುತ್ತೇನೆ. ಲೆಟರ್‌ಹೆಡ್ಡಿಗೆ ಪ್ರತ್ಯೇಕ ನಮಸ್ಕಾರವೇಕೆಂದರೆ, ಮಂಡಳಿಯ ಆಸ್ತಿಯಲ್ಲಿ ಬಣ್ಣ ಮಾಸದೆ ಉಳಿದಿರುವುದು ಅದೊಂದೇ. ನಮ್ಮ ತಂಡದ ಹೆಸರಿನಲ್ಲಿರುವ ‘ಯುವಕರ’ ಎಂಬ ಮಾತಿಗೆ ತಾವು ದಯವಿಟ್ಟು ನಗಬಾರದು. ೧೯೫೪ರಲ್ಲಿ ಹೆಸರಿಟ್ಟಾಗ ಅದು ನಿಜವೇ ಆಗಿತ್ತು. ಆಮೇಲೆ ಹೊಸಬರು ಯಾರೂ ಬಾರದ್ದರಿಂದ ಆಗಿನ ಯುವಕರೇ ಈಗಲೂ ಮುಂದುವರಿದಿದ್ದೇವೆ.

ತಮ್ಮ ಆಡಳಿತದ ಹನ್ನೆರಡು ವರ್ಷಗಳನ್ನು ನಾನು ಬಲು ಹತ್ತಿರದಿಂದ ನೋಡಿದವನು. ತಮ್ಮ ಸಫಾರಿ ಸೂಟುಗಳನ್ನೆಲ್ಲ ಹೊಲಿದವನೂ ನಾನೇ ಆದ್ದರಿಂದ ನನ್ನ ಅಳತೆ ಪುಸ್ತಕದಲ್ಲಿ ಮಂಡಳಿಯ ಚರಿತ್ರೆ ತಕ್ಕಮಟ್ಟಿಗೆ ದಾಖಲಾಗಿದೆ. ತಾವು ಅಧಿಕಾರಕ್ಕೆ ಬಂದ ವರ್ಷ ಲೀಗಿನಲ್ಲಿ ಇಪ್ಪತ್ತೊಂದು ತಂಡಗಳಿದ್ದವು, ತಮ್ಮ ಸೊಂಟ ಮೂವತ್ತೆರಡು ಅಂಗುಲವಿತ್ತು. ಈ ವರ್ಷ ಲೀಗು ಶುರುವಾದಾಗ ತಂಡಗಳು ನಾಲ್ಕು, ಸೊಂಟ ನಲವತ್ತೊಂದು. ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಏರಿದೆಯೆಂದ ಮೇಲೆ ಆಟ ನಶಿಸಿತೆಂದು ಗೊಣಗುವವರ ಮಾತಿಗೆ ಆಧಾರವೇ ಇಲ್ಲ.

ಸಂಕಷ್ಟದ ಕಥೆಯನ್ನು ಈಗ ಕ್ರಮವಾಗಿ ನಿವೇದಿಸುತ್ತೇನೆ. ಈ ಪತ್ರವನ್ನು ಓದಬಹುದಾದ, ಈ ಆಟವನ್ನು ನೋಡಿಯೇ ಇರದ ಹೊಸ ಬಡಾವಣೆಯವರಿಗಾಗಿ ಒಂದೆರಡು ಮಾತು ಮೊದಲು: ಒಂದೊಂದು ಕಡೆಗೆ ಐದೈದು ಜನ, ನಡುವೆ ಒಂದು ನೆಟ್ಟು, ಹಳದಿ ಉಣ್ಣೆಯ ಒಂದು ಹಗುರ ಬಾಲು, ಇಪ್ಪತ್ತೊಂಬತ್ತು ಪಾಯಿಂಟಿಗೆ ಒಂದು ಗೇಮು, ಮೂರರಲ್ಲಿ ಎರಡು ಗೆದ್ದವರಿಗೆ ಪಂದ್ಯ. ನೆಲ ಚೊಕ್ಕಟವಾಗಿದ್ದು ಗಾಳಿ ಸುಮ್ಮನಿದ್ದರೆ ಇದಕ್ಕಿಂತ ಸೊಗಸಾದ ಆಟ ಇನ್ನೊಂದಿಲ್ಲ. ಈ ಜೂನ್ ತಿಂಗಳಲ್ಲಿ ನಮ್ಮವರು ಇಂಗ್ಲೆಂಡಿನಲ್ಲಿ ಕ್ರಿಕೆಟ್ ಕಪ್ ಗೆದ್ದ ಮೇಲೆ ಜಯನಗರದಿಂದ ಜೆ.ಪಿ. ನಗರದವರೆಗೆ ಖಾಲಿ ಸೈಟುಗಳಲ್ಲೆಲ್ಲ ಮೂರು ಕೋಲು ನೆಟ್ಟುಕೊಂಡಿವೆ. ನಮ್ಮ ಐದನೆಯ ಆಟಗಾರ ಚಿನ್ನಪ್ಪ ಕೂಡ ಜುಲೈನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಅಂಪೈರಾಗಿ ಹೊರಟುಹೋದ. “ಅಲ್ಲಿ ನಿಂತ್ಕೊಂಡಿದ್ರೆ ಸಾಕಂತೆ ಹನುಮಯ್ಯ, ಓಡೋ ಹಂಗೇ ಇಲ್ಲ” ಎಂದು ಅವನು ಹೇಳಿದಾಗ ಅವನ ಮುಖದಲ್ಲಿದ್ದ ನೆಮ್ಮದಿಯನ್ನು ಕಂಡು, ಬೈಯುವುದನ್ನು ಬಿಟ್ಟು ಅವನ ಅಂಪೈರ್ ಕೋಟಿಗೆ ಅಳತೆ ತೆಗೆದುಕೊಂಡೆ.

ಉಳಿದವರು ನಾಲ್ವರು: ನಾನು, ಹಾಲಿನ ಬೋರಣ್ಣ, ರಾಗಿ ಹೊಲವೆಲ್ಲ ಬಡಾವಣೆಗೆ ಹೋಗಿ ಈಗ ನಾಲ್ಕು ಬಾಡಿಗೆ ಮನೆಗಳ ಒಡೆಯನಾಗಿರುವ ಚಿಕ್ಕಬೈರಪ್ಪ, ಗಿರಣಿಯಿಂದ ನಿವೃತ್ತನಾಗಿ, ಐವತ್ತೆಂಟು ವರ್ಷದ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಹಿಂದಿನ ಸಾಲು ಕಾಯುವ ಪಿಳ್ಳಪ್ಪಣ್ಣ. ಐವರಿಲ್ಲದ್ದರಿಂದ ಆಗಸ್ಟಿನಲ್ಲಿ ಒಂದು ಪಂದ್ಯವನ್ನು ಬಿಟ್ಟುಕೊಟ್ಟೆವು. ಹೊಸ ಆಟಗಾರನನ್ನು ನೋಂದಾಯಿಸಿಕೊಳ್ಳಿರೆಂದು ಬರೆದುಕೊಂಡಾಗ, ಅರ್ಜಿಯನ್ನು ಡಿಸೆಂಬರಿನ ಸರ್ವಸದಸ್ಯರ ಸಭೆಯಲ್ಲಿ ಪರಿಶೀಲಿಸಲಾಗುವುದೆಂದು ತಾವು ಅದೇ ಸೊಗಸಾದ ಕಾಗದದಲ್ಲಿ ಉತ್ತರಿಸಿದಿರಿ. ಲೀಗು ನವೆಂಬರಿಗೇ ಮುಗಿಯುತ್ತದೆ. ಎರಡನೆಯ ಪಂದ್ಯವನ್ನೂ ಆಡದೆ ಬಿಟ್ಟರೆ ತಂಡದ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಲಾಗುವುದೆಂದು ಅದರಲ್ಲೇ ನೆನಪಿಸಿದ್ದಿರಿ. ಇಷ್ಟು ಕಾಳಜಿಯನ್ನು ನಮ್ಮ ಮೇಲೆ ನಮ್ಮ ಸ್ವಂತ ಮಾವಂದಿರೂ ತೋರಿಸಿಲ್ಲ.

ಸೆಪ್ಟೆಂಬರ್ ಇಪ್ಪತ್ತೈದು, ಭಾನುವಾರ, ಸಿದ್ದಾಪುರದ ತಂಡದೊಂದಿಗೆ ನಮ್ಮ ಪಂದ್ಯವಿತ್ತು. ಯಾರನ್ನಾದರೂ ಹಿಡಿದು ನಿಲ್ಲಿಸಿಕೊಂಡರಾಯಿತೆಂದು ಬೆಳಿಗ್ಗೆ ಎಂಟಕ್ಕೆ ಮಂಡಳಿಯ ಮೈದಾನಕ್ಕೆ ಬಂದರೆ, ಅಂಕಣವಿರಬೇಕಾದ ಜಾಗದಲ್ಲಿ ಶಾಮಿಯಾನ ನಿಂತಿತ್ತು. ಅಂಕಣದ ನಟ್ಟನಡುವೆ ಗುಂಡಿ ತೋಡಿ ಬಿದಿರಿನ ಗಳು ನೆಟ್ಟಿದ್ದರು. ಮಂಡಳಿಯ ಬೆಳ್ಳಿಹಬ್ಬವೆಂದೂ, ತಾವು ಆಟಕ್ಕೆ ಸಲ್ಲಿಸಿದ ಸೇವೆಗಾಗಿ ತಮಗೆ ಸನ್ಮಾನವೆಂದೂ ಬಟ್ಟೆಯ ಮೇಲೆ ಬರೆದಿತ್ತು. ನಾನೇ ಹೊಲಿದ ಕೆನೆಬಣ್ಣದ ಸಫಾರಿಯಲ್ಲಿ ತಾವು ವೇದಿಕೆಯ ಮೇಲೆ ಕುರ್ಚಿ ಸಾಲು ಮಾಡಿಸುತ್ತಿದ್ದಿರಿ. ನಡೆದ ಮಾತನ್ನು ತಾವು ಕೆಲಸದ ಗಡಿಬಿಡಿಯಲ್ಲಿ ಮರೆತಿರಬಹುದೆಂದು ಇದ್ದದ್ದು ಇದ್ದಹಾಗೆ ಬರೆಯುತ್ತೇನೆ.

“ಏನ್ ಹನುಮಯ್ಯ, ಒಂದು ಭಾನುವಾರ ಆಡ್ದೇ ಇದ್ರೆ ಪ್ರಾಣ ಹೋಗುತ್ತೇನ್ರೀ?” ಎಂದಿರಿ.

“ಹಂಗಾದ್ರೆ ಪಂದ್ಯ ಮುಂದಕ್ಕೆ ಹಾಕಿದೀವಿ ಅಂತ ಒಂದು ಚೀಟಿ ಬರ್ಕೊಡಿ ಸಾರ್” ಎಂದೆ.

“ಮುಂದಕ್ಕೆ ಹಾಕೋ ಅಧಿಕಾರ ಸಮಿತಿಗಿರೋದು. ಸಮಿತಿ ಇವತ್ತು ಸನ್ಮಾನದಲ್ಲಿ ಬಿಜಿ ಇದೆ.”

“ಆಡದೇ ಇದ್ರೆ?”

“ಆಡದೇ ಇದ್ರೆ ವಾಕ್‌ಓವರ್. ಇಬ್ರಿಗೂ. ರೂಲ್ಸ್ ಅಂದ್ರೆ ರೂಲ್ಸ್ ಕಣ್ರೀ.”

ಎರಡೂ ತಂಡಗಳು ಬ್ಯಾಟು ಹಿಡಿದು ಬಂದು ನಿಂತಿರುವಾಗ ಎರಡೂ ತಂಡಗಳು ಗೈರುಹಾಜರೆಂದು ತೀರ್ಮಾನಿಸಬಲ್ಲ ಬುದ್ಧಿಶಕ್ತಿ ಈ ಊರಿಗೆ ಸಿಕ್ಕಿದ್ದು ನಮ್ಮ ಪುಣ್ಯ. ಪಿಳ್ಳಪ್ಪಣ್ಣ ಮಾತ್ರ ಆ ಪುಣ್ಯವನ್ನು ತಾಳಲಾರದೆ ಶಾಮಿಯಾನದ ಹಗ್ಗದ ಮೇಲೆ ಕೈಯಿಟ್ಟು ನಿಂತುಬಿಟ್ಟ. ಇಪ್ಪತ್ತೊಂಬತ್ತು ವರ್ಷ ಒಂದು ಭಾನುವಾರವನ್ನೂ ತಪ್ಪಿಸದವನು. “ಇವತ್ತಿಗೆ ಮುಗೀತೇನಯ್ಯಾ?” ಎಂದು ನನ್ನನ್ನು ಕೇಳಿದ. ನಾನು ಅವನ ಕೈಯನ್ನು ಹಗ್ಗದಿಂದ ಬಿಡಿಸಿ ಅದಕ್ಕೆ ಬ್ಯಾಟು ಹಿಡಿಸಿದೆ.

ಆಗ ಬಾಯಿಬಿಟ್ಟವನು ಚಿಕ್ಕಬೈರಪ್ಪ. “ನನ್ ಕಣ ಇದೆಯಲ್ಲ ಗುರು. ಆರು ವರ್ಷದಿಂದ ರಾಗಿ ಕಂಡಿಲ್ಲ. ನಮ್ ಕಾಲಾದ್ರೂ ಕಾಣ್ಲಿ.”

ಸಿದ್ದಾಪುರದ ನಾಯಕ ಮಾರಯ್ಯನನ್ನು ತಾವು ಬಲ್ಲಿರಿ; ನರ್ಸರಿ ಇಟ್ಟುಕೊಂಡಿರುವವನು, ತಮ್ಮ ವೇದಿಕೆಗೆ ಕ್ರೋಟನ್ ಕುಂಡಗಳನ್ನು ಮೆಟಡೋರಿನಲ್ಲಿ ತಂದಿದ್ದವನೂ ಅವನೇ. ಅರ್ಧ ಇಳಿಸಿದ್ದ ಅವನು, “ಇಳಿಸಿದ್ದು ನಿಮಗಿರ್ಲಿ ಸಾರ್, ಇಳಿಸದೇ ಇರೋದು ನಮ್ ಜೊತೆ ಬರ್ಲಿ” ಎಂದು ತಮಗೆ ಕೈಮುಗಿದು, ಕುಂಡಗಳ ಜೊತೆ ನಮ್ಮನ್ನೂ ಹತ್ತಿಸಿಕೊಂಡ. ತೀರ್ಪುಗಾರ ದಾಸಪ್ಪನನ್ನು ತಾವು ಅಂದು ನಾನೂರು ಕುರ್ಚಿ ಎಣಿಸಲು ನೇಮಿಸಿದ್ದಿರಿ. ಅವನು ಮುನ್ನೂರ ಎಂಬತ್ತಕ್ಕೆ ನಿಲ್ಲಿಸಿ, ಸೀಟಿಯನ್ನು ಕೊರಳಿಗೆ ಹಾಕಿಕೊಂಡು, ಓಡುತ್ತಿದ್ದ ಗಾಡಿಯ ಹಿಂಬಾಗಿಲು ಹಿಡಿದು ಹತ್ತಿದ. ಉಳಿದ ಇಪ್ಪತ್ತು ಕುರ್ಚಿಗಳ ಬಗ್ಗೆ ಅವನಿಗೆ ಇಂದಿಗೂ ಸಂಕೋಚವಿದೆ.

ಸಾರಕ್ಕಿಯ ಕಣವನ್ನು ಗುಡಿಸಿ ನೀರು ಚಿಮುಕಿಸಿದೆವು. ಎಂಬತ್ತಡಿ ಉದ್ದವನ್ನು ನನ್ನ ಐದಡಿಯ ಅಳತೆ ಟೇಪನ್ನು ಹದಿನಾರು ಸಲ ಹಾಸಿ ಗುರುತಿಸಿದೆ. ನಾಲ್ಕು ಮೂಲೆಗೂ ಮಾರಯ್ಯನ ಕುಂಡಗಳು ಕಾವಲು ನಿಂತವು. ಬೋರಣ್ಣನ ಹೆಂಡತಿ ಮುನಿವೆಂಕಟಮ್ಮ ರಂಗೋಲಿ ಪುಡಿಯ ಬಟ್ಟಲು ತಂದು, ಒಮ್ಮೆಯೂ ಬಾಗಿದ ಬೆನ್ನು ಎತ್ತದೆ, ನೂಲು ಹಿಡಿದಂತೆ ಗೆರೆ ಎಳೆದಳು. ಅಷ್ಟು ನೇರವಾದ ಗೆರೆಯನ್ನು ಮಂಡಳಿಯ ಮೈದಾನದಲ್ಲಿ ನಾನು ಕಂಡದ್ದಿಲ್ಲ.

ಸಾಲು ನಿಂತಾಗ ದಾಸಪ್ಪ ನಮ್ಮನ್ನು ಎಣಿಸಿದ. “ನಾಲ್ಕು ಜನಕ್ಕೆ ಸೀಟಿ ಊದಕ್ಕಾಗಲ್ಲ. ಐದು ಮಾಡ್ಕೊಳ್ಳಿ” ಎಂದ.

ನಾನು ಬೀದಿಯ ಕಡೆ ನೋಡಿದೆ; ಪಿಳ್ಳಪ್ಪಣ್ಣ ರಂಗೋಲಿ ಬಟ್ಟಲಿನ ಕಡೆ ನೋಡಿದ. “ಬೋರಣ್ಣ, ನಿನ್ ಹೆಂಡ್ತಿಗೆ ಬ್ಯಾಟ್ ಕೊಡೋ. ಹೊರಗೆ ಹೋದ ಬಾಲನ್ನ ಹತ್ತು ವರ್ಷದಿಂದ ಆಯಮ್ಮ ಬ್ಯಾಟಲ್ಲೇ ನಮಗೆ ವಾಪಸ್ ಹೊಡೀತಾ ಅವ್ಳೆ. ಒಂದಾದ್ರೂ ನಮ್ ಕೈಗೆ ಸಿಗದಂಗೆ ಬಿದ್ದಿದ್ದುಂಟಾ?”

“ನನ್ನ ಯಾಕೆ ಕೇಳ್ತೀಯಣ್ಣ, ಅವಳ್ನೇ ಕೇಳು” ಎಂದ ಬೋರಣ್ಣ.

“ಕೇಳೋದೇನು ಬಂತು” ಎನ್ನುತ್ತ ಮುನಿವೆಂಕಟಮ್ಮ ಸೆರಗನ್ನು ಸೊಂಟಕ್ಕೆ ಬಿಗಿದಳು. “ಎಮ್ಮೆ ಕರೆಯೋ ಹೊತ್ತಿಗೆ ಮುಗಿಸ್ಕೊಡಿ, ಅಷ್ಟೆ.”

ಎದುರಾಳಿ ನಾಯಕನ ಒಪ್ಪಿಗೆ ಬೇಕಾಗಿತ್ತು. “ಅಕ್ಕ ಆಡ್ಲಿ ಬಿಡಿ, ನಮಗೂ ಸುಲಭ” ಎಂದು ಮಾರಯ್ಯ ದೊಡ್ಡ ಮನಸ್ಸಿನಿಂದ ಹೇಳಿದ. ಮೊದಲ ಗೇಮನ್ನು ಇಪ್ಪತ್ತೊಂಬತ್ತು–ಹದಿನೇಳರಿಂದ ಅವರೇ ಗೆದ್ದರು, ಆ ಮನಸ್ಸು ಅಲ್ಲಿಯವರೆಗೂ ದೊಡ್ಡದಾಗಿಯೇ ಇತ್ತು. ಎರಡನೆಯದರಲ್ಲಿ ಮುನಿವೆಂಕಟಮ್ಮನಿಗೆ ಜಾಗ ಅಭ್ಯಾಸವಾಯಿತು. ದಿನಕ್ಕೆರಡು ಹೊತ್ತು ಆರು ಎಮ್ಮೆ ಕರೆಯುವ ಮಣಿಕಟ್ಟು ಅದು. ಬಾಲು ಎತ್ತ ಹೋಗುವುದೆಂದು ಬಾಲಿಗೂ ಕೊನೆಯವರೆಗೆ ಗೊತ್ತಾಗುತ್ತಿರಲಿಲ್ಲ. ಇಪ್ಪತ್ತೊಂಬತ್ತು–ಇಪ್ಪತ್ತಾರು, ನಮಗೆ. ಅಷ್ಟರಲ್ಲಿ ಕಣದ ಗೋಡೆಯ ಮೇಲೆ ಅಕ್ಕಪಕ್ಕದ ಬಾಡಿಗೆ ಮನೆಗಳ ಹೆಂಗಸರು ಸೊಪ್ಪು ಬಿಡಿಸುವ ಮೊರಗಳ ಸಮೇತ ಬಂದು ಕೂತಿದ್ದರು.

ಮೂರನೆಯದರಲ್ಲಿ ಗಾಳಿ ಎದ್ದಿತು. ಇಪ್ಪತ್ತೆಂಟು–ಇಪ್ಪತ್ತೇಳು, ಸರ್ವೀಸು ನಮ್ಮದು. ಮಾರಯ್ಯ ಎತ್ತರಕ್ಕೆ ಹೊಡೆದ ಬಾಲು ಗಾಳಿಯಲ್ಲಿ ತೇಲುತ್ತ ಪಿಳ್ಳಪ್ಪಣ್ಣನ ತಲೆಯ ಮೇಲಿಂದ ಹಿಂದಕ್ಕೆ ಹೊರಟಿತು. ಅದರ ಹಿಂದೆ ಅವನು ಆ ಮೊಣಕಾಲಿನಲ್ಲಿ ಓಡಲು ತಿರುಗಿದ್ದ. “ಬಿಡಣ್ಣಾ, ಹೊರಗೆ!” ಎಂದು ಮುಂದಿನಿಂದ ಮುನಿವೆಂಕಟಮ್ಮ ಕೂಗಿದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರ ಮಾತಿಗೂ ಬಾಲು ಬಿಡದ ಮನುಷ್ಯ ಬ್ಯಾಟನ್ನು ಇಳಿಸಿ ನಿಂತ. ಬಾಲು ಗೆರೆಯಿಂದ ನಾಲ್ಕು ಬೆರಳು ಆಚೆ ಬಿತ್ತು. ದಾಸಪ್ಪನ ಸೀಟಿ ಗೋಡೆಯ ಮೇಲಿನವರ ಕೂಗಿನಲ್ಲಿ ಕೇಳಿಸಲೇ ಇಲ್ಲ. ಪಿಳ್ಳಪ್ಪಣ್ಣ ಮೊದಲು ಆ ನಾಲ್ಕು ಬೆರಳನ್ನು ತಾನೇ ಅಳೆದುನೋಡಿ, ಆಮೇಲೆ ಕಣ್ಣೊರೆಸಿಕೊಂಡ. ಮಾರಯ್ಯ ಬಂದು, “ಸಖತ್ತಾಗಿ ಆಡಿದ್ರಿ ಅಕ್ಕ, ಸುಲಭ ಅಂದಿದ್ದು ತಪ್ಪಾಯ್ತು” ಎಂದು ಕೈಮುಗಿದ.

ಇಂಥ ಅಪರಾಧವನ್ನು ತಾವು ಸಹಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಅಕ್ಟೋಬರ್ ಮೂರರಂದು ತಮ್ಮ ನೋಟೀಸು ಬಂತು: ಮಾನ್ಯತೆಯಿಲ್ಲದ ನೆಲದಲ್ಲಿ ಆಡಿದ್ದು, ನೋಂದಾಯಿಸದವರನ್ನು ಆಡಿಸಿದ್ದು, ಆಟಗಾರರು ಬಿಳಿ ಚಡ್ಡಿ ಧರಿಸತಕ್ಕದ್ದೆಂಬ ನಿಯಮವನ್ನು ಸೀರೆಯಿಂದ ಮುರಿದದ್ದು. ಆದ್ದರಿಂದ ಪಂದ್ಯ ರದ್ದು, ಗೆಲುವು ಸಿದ್ದಾಪುರಕ್ಕೆ, ಸಾರಕ್ಕಿಯ ಹೆಸರು ಪಟ್ಟಿಯಿಂದ ಹೊರಕ್ಕೆ, ದಾಸಪ್ಪನ ಸೀಟಿ ಒಂದು ವರ್ಷ ಅಮಾನತು. ದರ್ಜಿಯಾಗಿ ಮೂರನೆಯ ಆರೋಪಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ನಿಯಮವನ್ನು ಮುನಿವೆಂಕಟಮ್ಮನಿಗೆ ಓದಿ ಹೇಳಲು ತಾವೇ ಬರಬೇಕು. ನಮ್ಮಲ್ಲಿ ಯಾರಿಗೂ ಆ ಧೈರ್ಯವಿಲ್ಲ.

ತಾವು ಗೆಲ್ಲಿಸಿದ ಮಾರಯ್ಯ ತಮಗೆ ಉತ್ತರ ಬರೆದದ್ದು ತಲುಪಿರಬಹುದು. “ನಾವು ಹತ್ತಾರು ಜನರ ಕಣ್ಣೆದುರು ಚೆನ್ನಾಗಿ ಸೋತಿದ್ದೇವೆ, ದಯವಿಟ್ಟು ನಮ್ಮನ್ನು ಗೆಲ್ಲಿಸಬೇಡಿ, ಇಲ್ಲವಾದರೆ ನಮ್ಮ ಹೆಸರನ್ನೂ ಹೊಡೆದುಹಾಕಿ” ಎಂಬ ಆ ಕಾಗದವನ್ನು ಅವನು ಕಳಿಸುವ ಮೊದಲು ನನ್ನ ಅಂಗಡಿಗೆ ತಂದು ಓದಿದ. ಹೊಲಿಗೆ ಯಂತ್ರವನ್ನು ನಿಲ್ಲಿಸಿ ಕೇಳಿದೆ. ಎದುರಾಳಿಯೆಂದು ಇಪ್ಪತ್ತು ವರ್ಷ ದೂರವಿಟ್ಟಿದ್ದವನಿಗೆ ಅಂದು ಮೊದಲ ಸಲ ಕಾಫಿ ತರಿಸಿದೆ.

ಇನ್ನು ನನ್ನ ವಿನಂತಿಗಳು. ನಮ್ಮನ್ನೂ ಸಿದ್ದಾಪುರದವರನ್ನೂ ಕಳೆದರೆ ಲೀಗಿನಲ್ಲಿ ಎರಡೇ ತಂಡಗಳು ಉಳಿಯುವುದರಿಂದ ತಮ್ಮ ಸಮಿತಿಯವರೇ ಕಣಕ್ಕಿಳಿದು ಆಟವನ್ನು ಉಳಿಸಬೇಕು. ಪದಾಧಿಕಾರಿಗಳು ಹನ್ನೊಂದು ಮಂದಿ: ಐವರಂತೆ ಎರಡು ತಂಡ, ಉಳಿದ ಒಬ್ಬರು ತೀರ್ಪುಗಾರ, ದೇವರೇ ಲೆಕ್ಕ ಹಾಕಿಕೊಟ್ಟಂತಿದೆ. ಗಾಳಿಯೂ ಅನುಮತಿಯಿಲ್ಲದೆ ಮೂರನೆಯ ಗೇಮಿನಲ್ಲಿ ಭಾಗವಹಿಸಿದ್ದರಿಂದ ಅದಕ್ಕೂ ಒಂದು ನೋಟೀಸು ಕಳಿಸಬೇಕು. ಮೂರು ವಾರವಾದರೂ ನಿಂತೇ ಇರುವ ಶಾಮಿಯಾನವನ್ನು ದಯಮಾಡಿ ಕೀಳಿಸಬೇಡಿ. ಅದರ ಕೆಳಗೆ ಒಂದು ಆಟವನ್ನು ಮಲಗಿಸಿದ್ದೀರಿ, ಎಚ್ಚರವಾದೀತು.

ನಮ್ಮ ಬಗ್ಗೆ ತಾವು ಚಿಂತಿಸಬೇಕಾಗಿಲ್ಲ. ನೋಟೀಸು ಬಂದ ಮುಂದಿನ ಭಾನುವಾರ ಗೋಡೆಯ ಮೇಲೆ ಕೂತಿದ್ದ ಹೆಂಗಸರಲ್ಲಿ ಏಳು ಮಂದಿ ಕಣದೊಳಕ್ಕೆ ಇಳಿದರು. ಮಾರಯ್ಯ ತನ್ನ ತಂಡವನ್ನೂ ನಾದಿನಿ ಈಶ್ವರಮ್ಮನನ್ನೂ ಕರೆತಂದ. ಕಣದಲ್ಲಿ ಇನ್ನೆರಡು ಬಾಡಿಗೆ ಮನೆ ಕಟ್ಟಬೇಕೆಂದು ಅಡಿಪಾಯಕ್ಕೆ ದಿನ ಗೊತ್ತುಮಾಡಿದ್ದ ಚಿಕ್ಕಬೈರಪ್ಪ, ಗಾರೆಯವನಿಗೆ “ಈಗ್ಲೇ ಬೇಡಪ್ಪ, ನೋಡೋಣ” ಎಂದು ಹೇಳಿ ಕಳಿಸಿದ್ದಾನೆ. ಆ ‘ನೋಡೋಣ’ ಎಷ್ಟು ವರ್ಷ ಬಾಳುತ್ತದೋ ಗೊತ್ತಿಲ್ಲ. ಇವತ್ತು ಬೆಳಿಗ್ಗೆಯಂತೂ ಎರಡು ಅಂಕಣ ಬರೆದು ಇಪ್ಪತ್ತು ಜನ ಆಡಿದೆವು. ಪಿಳ್ಳಪ್ಪಣ್ಣ ಮೂರು ಗೇಮಾದ ಮೇಲೂ ಬ್ಯಾಟು ಕೊಡಲಿಲ್ಲ. ಕೇಳಿದವರಿಗೆಲ್ಲ “ಇರ್ರಯ್ಯಾ, ಇನ್ನೊಂದು” ಎನ್ನುತ್ತಿದ್ದ.

ತಾವು ನೂರು ಕಾಲ ಸನ್ಮಾನಿತರಾಗಿ ಬಾಳಬೇಕೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಹನುಮಯ್ಯ
ನಾಯಕ, ಪಟ್ಟಿಯಲ್ಲಿಲ್ಲದ ಸಾರಕ್ಕಿ ತಂಡ

ವಿ.ಸೂ.: ಈ ಪತ್ರವನ್ನು ಕೈಯಾರೆ ಕೊಡದೆ ಬಹಿರಂಗ ಮಾಡಿದ್ದಕ್ಕೆ ಕ್ಷಮೆಯಿರಲಿ. ಮಂಡಳಿಯ ಕಚೇರಿಗೆ ಮೂರು ದಿನ ಬಂದೆ, ಮೂರು ದಿನವೂ ಬೀಗವಿತ್ತು. ಬೀಗದಿಂದ ಚಿಲಕದವರೆಗೆ ಒಂದು ಜೇಡ ಬಲೆ ನೇಯ್ದಿದೆ: ಮೇಲಂಚು ನೇರ, ಎಳೆ ಬಿಗಿ, ಒಂದು ತೂತಿಲ್ಲ. ತಮ್ಮ ಕಚೇರಿಯಲ್ಲಿ ದಿನವೂ ಹಾಜರಿದ್ದು, ನೆಟ್ಟನ್ನು ಸರಿಯಾಗಿ ಕಟ್ಟಬಲ್ಲವರು ಒಬ್ಬರಾದರೂ ಇದ್ದಾರೆಂದು ಸಮಾಧಾನವಾಯಿತು. ಮುಂದಿನ ಚುನಾವಣೆಯಲ್ಲಿ ಆ ಜೇಡ ನಾಮಪತ್ರ ಸಲ್ಲಿಸಿದರೆ ಸೂಚಕನಾಗಿ ಸಹಿ ಹಾಕಲು ನಾನು ಸಿದ್ಧ.