ಮೇಸ್ತ್ರಿ ಕಲೆಸಿದ ಸ್ಟ್ರಾಬೆರಿ ಹಾಲು

ಹೆಂಡತಿ: ತೊಟ್ಟು ಕಿತ್ತು ಹಾಕ್ರೀ! ಎಲೆ ಸಮೇತ ಕುಡಿಯೋಕೆ ನಾನೇನು ಮೇಕೆನಾ?

ಮೇಸ್ತ್ರಿ: ಎಲೆ ತೆಗೀರಿ ಅಂತ ನೀನು ಹೇಳಿದ್ಯಾ? ‘ತೊಳೆದು ಹಾಕಿ’ ಅಂದೆ. ತೊಳೆದೆ, ಹಾಕಿದೆ.

ಹೆಂಡತಿ: ಬಾಳೆಹಣ್ಣು ತಿನ್ನಿ ಅಂದ್ರೆ ಸಿಪ್ಪೆ ಸಮೇತ ನುಂಗ್ತೀರಾ? ಎಲ್ಲಾ ಬಾಯಿಬಿಟ್ಟು ಹೇಳಬೇಕಾ?

ಮೇಸ್ತ್ರಿ: ಹಲ್ಲು ಕಿತ್ತ ಡಾಕ್ಟರು ನಿಂಗೆ ಜಾಸ್ತಿ ಮಾತಾಡಬೇಡಿ ಅಂದಿದ್ರು.

ಹೆಂಡತಿ: ಕಿತ್ತಿರೋದು ಬಲಗಡೆ. ನಾನು ಮಾತಾಡ್ತಿರೋದು ಎಡಗಡೆಯಿಂದ.

ಮೇಸ್ತ್ರಿ ಇರುವುದು ಅಡುಗೆಮನೆಯಲ್ಲಿ. ಹೆಂಡತಿ ನಡುಮನೆಯ ಕುರ್ಚಿಯಲ್ಲಿ, ಊದಿದ ಕೆನ್ನೆಗೆ ಐಸ್ ಸುತ್ತಿದ ಟವೆಲ್ ಒತ್ತಿಕೊಂಡು ಕೂತಿದ್ದಾಳೆ. ನಡುವೆ ಇರುವ ಗೋಡೆಯನ್ನು ಮೇಸ್ತ್ರಿಯೇ ಕಟ್ಟಿದ್ದು. ಮೂವತ್ತು ವರ್ಷ ಗಾರೆ ಕೆಲಸದಲ್ಲಿ ಪಳಗಿದ ಮನುಷ್ಯ, ಹೆಂಡತಿಯ ಮಾತು ತಡೆಯುವಂಥ ಗೋಡೆಯನ್ನು ಮಾತ್ರ ಇವತ್ತಿನವರೆಗೂ ಕಟ್ಟಿಲ್ಲ.

ಈ ಗ್ರಹಚಾರಕ್ಕೆಲ್ಲಾ ಅವನ ನಾಲಿಗೆಯೇ ಕಾರಣ. ನಿನ್ನೆ ಹಲ್ಲಿನ ಡಾಕ್ಟರು, ‘ಎರಡು ದಿನ ತಣ್ಣಗಿರೋದು, ನುಣ್ಣಗಿರೋದು ಕೊಡಿ’ ಅಂದಾಗ, ಸುಮ್ಮನೆ ತಲೆ ಆಡಿಸಿ ಬರಬಾರದಿತ್ತೇ? ಹೊರಗೆ ಕಾಯುತ್ತಾ ಕೂತಿದ್ದ ಹತ್ತು ಜನರಿಗೂ ಕೇಳುವ ಹಾಗೆ, ‘ನಾಲ್ಕು ಮಹಡಿಗೆ ಗಾರೆ ಕಲೆಸಿದವನಿಗೆ ಒಂದು ಲೋಟ ಹಾಲು ಕಲೆಸೋದು ಯಾವ ಮಹಾ!’ ಅಂದುಬಿಟ್ಟ.

ಹೆಂಡತಿ: ನಮ್ಮ ಪಂದ್ಯ ನೆನಪಿದೆ ತಾನೇ? ಕುಡಿಯೋ ಹಾಗೆ ಬಂದ್ರೆ ಇನ್ನು ಮೇಲೆ ಪ್ರತಿ ಭಾನುವಾರ ಅಡುಗೆ ನಿಮ್ಮದು. ವಾರದಲ್ಲಿ ಆರು ದಿನ ನಾನೂ ಹೊಲಿಗೆ ಮಷೀನ್ ತುಳಿಯೋದೇ. ಏಳನೇ ದಿನ ಕಾಲಿಗಾದ್ರೂ ರಜ ಬೇಡ್ವಾ?

ಮೇಸ್ತ್ರಿ: ಕೆಟ್ಟು ಹೋದ್ರೆ?

ಹೆಂಡತಿ: ಕೆಟ್ಟರೆ ನಿಮ್ಮನ್ನ ಅಡುಗೆಮನೆ ಹೊಸಿಲು ತುಳೀರಿ ಅಂತ ಈ ಜನ್ಮದಲ್ಲಿ ಕರೆಯಲ್ಲ. ಹೋಗಿ ಇಸ್ಪೀಟ್ ಆಡ್ಕೊಳ್ಳಿ.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಒಂದು ತಲೆ ಒಳಗೆ ಇಣುಕಿತು. ಕೂದಲಲ್ಲಿ ಮೂರು ಬಗೆಯ ಬಣ್ಣದ ಚುಕ್ಕೆ. ಮೇಸ್ತ್ರಿ ಕಟ್ಟಿದ ಗೋಡೆಗಳಿಗೆಲ್ಲಾ ಬಣ್ಣ ಹೊಡೆಯುವ ಪೇಂಟರ್. ಇಪ್ಪತ್ತು ವರ್ಷದ ದೋಸ್ತಿ.

ಪೇಂಟರ್: ಭಾನುವಾರ ಹತ್ತಕ್ಕೇ ಶುರು ಕಣೋ. ಬಡಗಿ, ಎಲೆಕ್ಟ್ರಿಷಿಯನ್ ಇಬ್ರೂ ಬರ್ತಾರೆ. ಹೊಸ ಇಸ್ಪೀಟ್ ಕಟ್ಟು ತಂದಿಟ್ಟಿದ್ದೀನಿ... ಅರೆ, ಇದೇನೋ ಅವತಾರ?

ಮೇಸ್ತ್ರಿ: ಮೆತ್ತಗೆ ಮಾತಾಡೋ! ಭಾನುವಾರನೇ ಕೈ ಬಿಟ್ಟು ಹೋಗೋ ಹಾಗಿದೆ.

ಪಿಸುದನಿಯಲ್ಲಿ ವಿಷಯವೆಲ್ಲಾ ಹೇಳಿದ. ಪೇಂಟರ್ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತ.

ಪೇಂಟರ್: ನೀನಿಲ್ದೆ ನಾಲ್ಕನೇ ಕೈಗೆ ಯಾರನ್ನ ಕೂರಿಸಲೋ? ಮೂರೇ ಜನ ಕೂತು ಮುಖ ಮುಖ ನೋಡ್ಕೋಬೇಕಾ? ಇದಕ್ಕೊಂದೇ ದಾರಿ. ಕೆಡಿಸಿಬಿಡು!

ಮೇಸ್ತ್ರಿ: ಏನನ್ನ?

ಪೇಂಟರ್: ಇದನ್ನೇ ಕಣೋ, ಈ ಕೆಂಪು ಹಾಲನ್ನ! ಒಂದೇ ಒಂದು ಸಲ ಕೆಡಿಸು, ಜೀವಮಾನ ಪೂರ್ತಿ ಬಿಡುಗಡೆ. ಹಾಕು ಒಂದು ಹಿಡಿ ಉಪ್ಪು.

ಮೇಸ್ತ್ರಿ: ಹಲ್ಲು ಕಿತ್ತ ಗಾಯ ಕಣೋ ಅದು! ಉಪ್ಪು ಬಿದ್ರೆ ಉರಿ ಕಿತ್ಕೊಂಡು ಬರುತ್ತೆ. ನಿನ್ನೆ ರಾತ್ರಿಯಿಂದ ಒಂದು ತುತ್ತು ತಿಂದಿಲ್ಲ ಅವಳು. ನೋಡೋಕಾಗಲ್ಲ ನನಗೆ.

ಪೇಂಟರ್: ಸರಿ ಸರಿ, ಉಪ್ಪು ಬೇಡ. ನೋವಾಗದ ಹಾಗೆ ಕೆಡಿಸೋಣ. ಹಾಲು ಜಾಸ್ತಿ ಸುರಿ. ನೀರು ನೀರಾಗಿ, ಬಟ್ಟೆ ಒಗೆದ ನೀರಿನ ಥರ ಆಗಲಿ.

ಮೇಸ್ತ್ರಿ ಹಾಲಿನ ಪಾತ್ರೆ ಎತ್ತಿ ಜಾರಿಗೆ ಬಗ್ಗಿಸಿದ. ಅರ್ಧ ಲೋಟದಷ್ಟು ಬಿತ್ತು. ಕೈ ನಿಂತಿತು.

ಪೇಂಟರ್: ಸುರಿಯೋ!

ಮೇಸ್ತ್ರಿ: ಆಗ್ತಿಲ್ಲ ಕಣೋ.

ಪೇಂಟರ್: ಯಾಕೆ, ಕೈ ಹಿಡ್ಕೊಂಡಿತಾ?

ಮೇಸ್ತ್ರಿ: ಇಷ್ಟು ಹಣ್ಣಿಗೆ ಇಷ್ಟೇ ಹಾಲು. ಇದಕ್ಕಿಂತ ಸುರಿದ್ರೆ ಬೆರಕೆ ನಿಲ್ಲಲ್ಲ, ಹರಿದು ಹೋಗುತ್ತೆ. ನೀರು ಹೆಚ್ಚು ಮಾಡಿದ ಕೂಲಿಯವರನ್ನ ಎಷ್ಟು ಜನರನ್ನ ಬೈದಿದ್ದೀನಿ ನಾನು. ನಾನೇ ಮಾಡ್ಲಾ?

ಪೇಂಟರ್: ಇದು ಗೋಡೆಯಲ್ಲವೋ ಮಾರಾಯ! ಹೊಟ್ಟೆಗೆ ಹೋಗೋದು!

ಹೆಂಡತಿ (ನಡುಮನೆಯಿಂದ): ಯಾರ ಜೊತೆ ಮಾತು ಅದು?

ಮೇಸ್ತ್ರಿ: ರೇಡಿಯೋ ಕಣೇ!

ಹೆಂಡತಿ: ರೇಡಿಯೋದಿಂದ ಟರ್ಪೆಂಟೈನ್ ವಾಸನೆ ಬರ್ತಿದೆಯಲ್ರೀ.

ಪೇಂಟರ್ ಹಿತ್ತಲ ಬಾಗಿಲನ್ನು ಅಗಲವಾಗಿ ತೆರೆದಿಟ್ಟು, ಅಂಗಿ ಬೀಸಿ ವಾಸನೆ ಓಡಿಸುವುದಕ್ಕೆ ನೋಡಿದ. ಅಂಗಿಯೇ ವಾಸನೆಯ ಮೂಲ, ಪಾಪ, ಬೀಸಿದಷ್ಟೂ ಜಾಸ್ತಿಯಾಯಿತು.

ಮೇಸ್ತ್ರಿ ಸಕ್ಕರೆ ಹಾಕಿದ, ಐಸ್ ಹಾಕಿದ. ಫ್ರಿಜ್ಜಿನಿಂದ ಕೆನೆ ಬಟ್ಟಲು ತೆಗೆದ.

ಪೇಂಟರ್: ಅದನ್ನ ಯಾಕೆ ತೆಗೀತಿದ್ದೀ? ಒಳಗಿಡು, ಒಳಗಿಡು.

ಮೇಸ್ತ್ರಿ: ಕೆನೆ ಇಲ್ದೆ ನುಣುಪು ಬರಲ್ಲ.

ಪೇಂಟರ್: ನುಣುಪು ಬರಬಾರದು ಅಂತಲೇ ಅಲ್ವೇನೋ ನಾವಿಲ್ಲಿ ಒದ್ದಾಡ್ತಿರೋದು!

ಮೇಸ್ತ್ರಿ: ಗೊತ್ತು ಕಣೋ. ಒಂದೇ ಚಮಚ. ಗೋಡೆಗೆ ಕೊನೆಗೆ ತೆಳ್ಳಗೆ ಒಂದು ಕೈ ಗಾರೆ ಎಳೆಯಲ್ವಾ, ಹಾಗೆ.

ಒಂದು ಚಮಚ ಹೋಗಿ ಮೂರು ಚಮಚವಾಯಿತು. ಮಿಕ್ಸಿ ಹಾಕಿದ. ಅದು ಗೊಗ್ಗರು ದನಿಯಲ್ಲಿ ಒರಲಿತು.

ಹೆಂಡತಿ: ಐಸ್ ಸಿಕ್ಕಿಹಾಕಿಕೊಂಡಿದೆ! ನಿಲ್ಲಿಸಿ ನಿಲ್ಲಿಸಿ ಓಡಿಸಿ!

ಪೇಂಟರ್ (ಪಿಸುದನಿಯಲ್ಲಿ): ನಿಲ್ಲಿಸು ಅಂದ್ರಲ್ಲ, ನಿಲ್ಲಿಸೇಬಿಡು. ಗಂಟು ಗಂಟಾಗಿ ಇರುವಾಗಲೇ ಲೋಟಕ್ಕೆ ಬಗ್ಗಿಸಿ ಕೊಟ್ಟುಬಿಡು. ಒಂದು ಗುಟುಕಿಗೇ ಅತ್ತಿಗೆ ‘ಥೂ’ ಅಂತಾರೆ. ಮುಗೀತು ಕಥೆ.

ಮೇಸ್ತ್ರಿ ಮುಚ್ಚಳ ತೆಗೆದು ನೋಡಿದ. ನಿಜವಾಗಿಯೂ ಗಂಟು ಗಂಟಾಗಿತ್ತು. ಪೇಂಟರ್‌ಗೆ ಖುಷಿ. ಮೇಸ್ತ್ರಿ ಮಾತ್ರ ಅದನ್ನೇ ದಿಟ್ಟಿಸುತ್ತಾ ನಿಂತ. ಆಮೇಲೆ ಹಲ್ಲು ಕಚ್ಚಿದ. ಕೊನೆಗೆ ತಡೆಯಲಾರದೆ ಮತ್ತೆ ಗುಂಡಿ ತಿರುಗಿಸಿದ.

ಪೇಂಟರ್: ಲೋ! ಏನು ಮಾಡ್ತಿದ್ದೀಯೋ!

ಮೇಸ್ತ್ರಿ: ಗಂಟು ಕಣೋ! ಕಣ್ಣೆದುರಿಗೇ ಇಷ್ಟು ದೊಡ್ಡ ಗಂಟು! ನೋಡ್ಕೊಂಡು ಸುಮ್ಮನಿರೋಕೆ ನಾನೇನು ಮನುಷ್ಯನಲ್ವಾ?

ಪೇಂಟರ್: ನಿನ್ನ ಮನುಷ್ಯತ್ವಕ್ಕೆ ನನ್ನ ಭಾನುವಾರ ಬಲಿ!

ಹೆಂಡತಿ: ರೀ, ಬೀಜ ಮರೀಬೇಡಿ. ಸಣ್ಣ ಬೀಜ ಗಾಯದೊಳಗೆ ಹೋಗಬಾರದು ಅಂದಿದ್ದಾರೆ.

ಮೇಸ್ತ್ರಿ ಟೀ ಸೋಸುವ ಜಾಲರಿ ಕೈಗೆತ್ತಿಕೊಂಡ. ಜಾಲರಿ ಕೈಗೆ ಬಂದಿದ್ದೇ ತಡ, ಅವನ ಕಣ್ಣಿನಲ್ಲಿ ಒಂದು ಹೊಳಪು. ಮರಳು ಜರಡಿ ಹಿಡಿದು ಬೆಳೆದ ಕೈಯಲ್ಲವೇ? ಬಟ್ಟಲಿನ ಅಂಚಿಗೆ ಟಕ್ ಟಕ್ ಅಂತ ತಟ್ಟುತ್ತಾ, ಚಮಚದ ಬೆನ್ನಿನಿಂದ ಸವರುತ್ತಾ, ಒಂದು ಬೀಜವೂ ಜಾರದ ಹಾಗೆ ಸೋಸಿದ. ಸೋಸಿದ್ದನ್ನೇ ಮತ್ತೊಂದು ಸಲ ಸೋಸಿದ. ಪೇಂಟರ್ ತಲೆ ಮೇಲೆ ಕೈ ಹೊತ್ತು ಕೂತ.

ಪೇಂಟರ್: ಇನ್ನೇನು, ಗೋಡೆ ಸಮ ನೋಡೋ ರಸಮಟ್ಟನೂ ಇಟ್ಟು ನೋಡಿಬಿಡು. ನಿನ್ನ ಹತ್ತಿರ ಕೆಡಿಸು ಅಂದಿದ್ದೇ ತಪ್ಪಾಯ್ತು. ನಾನೇ ಮಾಡಿದ್ರೆ ಇಷ್ಟು ಹೊತ್ತಿಗೆ ಹಾಳು ಮಾಡಿ ಕೈ ತೊಳ್ಕೊಂಡಿರ್ತಿದ್ದೆ.

ಮೇಸ್ತ್ರಿ: ಸರಿ, ನೀನೇ ಬಾ. ಲೋಟಕ್ಕೆ ಹಾಕಿದ್ದೀನಿ, ಏನು ಮಾಡ್ತೀಯೋ ಮಾಡು. ನಾನು ಆ ಕಡೆ ತಿರುಗಿ ನಿಲ್ತೀನಿ.

ತಿರುಗಿ ನಿಂತ. ಪೇಂಟರ್ ಎದ್ದು ಬಂದ. ಒಂದು ಚೊಂಬು ನೀರು ಹಿಡಿದು ಲೋಟದ ಮೇಲೆ ಬಗ್ಗಿದ. ಕಿಟಕಿಯಿಂದ ಬಿಸಿಲು ಲೋಟದ ಮೇಲೆ ಬಿದ್ದಿತ್ತು. ಅವನು ಲೋಟವನ್ನು ಒಮ್ಮೆ ಈ ಕಡೆಯಿಂದ ನೋಡಿದ, ಒಮ್ಮೆ ಆ ಕಡೆಯಿಂದ ನೋಡಿದ. ಒಂದು ಕಣ್ಣು ಮುಚ್ಚಿ ನೋಡಿದ. ಚೊಂಬು ಕೆಳಗಿಟ್ಟ.

ಪೇಂಟರ್: ಥೂ, ಇದೂ ಒಂದು ಬಣ್ಣವೇನೋ?

ಮೇಸ್ತ್ರಿ: ಯಾಕೆ, ಏನಾಗಿದೆ?

ಪೇಂಟರ್: ಸತ್ತ ಬಣ್ಣ ಕಣೋ. ಒಂದೇ ಕೋಟ್ ಹೊಡೆದು ಬಿಟ್ಟ ಹಾಗಿದೆ. ಹಣ್ಣು ಉಳಿದಿದೆಯಾ?

ಮೇಸ್ತ್ರಿ: ನಾಲ್ಕಿದೆ.

ಪೇಂಟರ್: ಹಾಕು ನಾಲ್ಕನ್ನೂ! ಮೇಲ್ಭಾಗ ಹಣ್ಣಾಗದೆ ಬೆಳ್ಳಗಿದೆ ನೋಡು, ಅದನ್ನ ಕತ್ತರಿಸಿ ಬಿಸಾಕು. ಕೆಂಪು ಮಾತ್ರ ಹಾಕು.

ನಾಲ್ಕೂ ಹಣ್ಣು ಬಿತ್ತು, ಮಿಕ್ಸಿ ಓಡಿತು, ಜಾಲರಿ ಹಿಡಿದಿದ್ದಾಯಿತು. ಈಗ ಲೋಟದಲ್ಲಿದ್ದದ್ದು ಗಟ್ಟಿಯಾಗಿ, ತಣ್ಣಗೆ, ಎಳೆಮಗುವಿನ ಅಂಗೈಯಂಥ ಬಣ್ಣದಲ್ಲಿ ತುಂಬಿ ನಿಂತಿತ್ತು. ಇಬ್ಬರೂ ಪಕ್ಕಪಕ್ಕ ನಿಂತು ನೋಡಿದರು. ಪೇಂಟರ್ ಜಾರಿನ ಅಂಚಿಗೆ ಬೆರಳು ಒರಸಿ ನೆಕ್ಕಿದ. ಅವನ ಮುಖ ಬಾಡಿತು.

ಪೇಂಟರ್: ಕೆಲಸ ಕೆಟ್ಟಿತು ಕಣೋ.

ಮೇಸ್ತ್ರಿ: ಏನಾಯ್ತು?

ಪೇಂಟರ್: ಚೆನ್ನಾಗಿದೆ.

ಮೇಸ್ತ್ರಿಯೂ ನೆಕ್ಕಿ ನೋಡಿದ.

ಮೇಸ್ತ್ರಿ: ಅಯ್ಯೋ ದೇವರೇ. ತುಂಬಾ ಚೆನ್ನಾಗಿದೆ.

ಪೇಂಟರ್: ಚೆಲ್ಲಿಬಿಡೋಣ. ಎಡವಿ ಬಿದ್ದೆ ಅನ್ನು.

ಮೇಸ್ತ್ರಿ: ಹಣ್ಣು ಮುಗಿದಿದೆ. ಇದನ್ನ ಚೆಲ್ಲಿದ್ರೆ ಅವಳು ಉಪವಾಸ. ಆದದ್ದಾಗಲಿ ಬಾ. ಭಾನುವಾರ ಹೋದ್ರೆ ಹೋಗ್ಲಿ.

ಇಬ್ಬರೂ ನಡುಮನೆಗೆ ಬಂದರು, ಸಾವಿನ ಸುದ್ದಿ ತಂದವರ ಹಾಗೆ ತಲೆ ತಗ್ಗಿಸಿಕೊಂಡು.

ಹೆಂಡತಿ: ಓಹೋ, ರೇಡಿಯೋನೂ ಬಂತಾ? ಕೂತ್ಕೊಳ್ಳಪ್ಪ.

ಪೇಂಟರ್: ಹಲ್ಲು ನೋವು ಹೇಗಿದೆ ಅಂತ ಕೇಳೋಣ ಅಂತ ಬಂದೆ ಅತ್ತಿಗೆ.

ಹೆಂಡತಿ: ನಿಮ್ಮಿಬ್ಬರ ಪಿಸುಮಾತು ಕೇಳ್ತಾ ಕೇಳ್ತಾ ಅರ್ಧ ನೋವು ಮರೆತೇ ಹೋಯ್ತು ನೋಡಿ.

ಲೋಟ ತೆಗೆದುಕೊಂಡಳು. ಎಡಗಡೆಯಿಂದ ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿದಳು. ಇನ್ನೊಂದು ಗುಟುಕು. ಆಮೇಲೆ ಅವಸರವೇ ಇಲ್ಲದ ಹಾಗೆ ಅರ್ಧ ಲೋಟ. ಮೇಸ್ತ್ರಿಗೆ ಎದೆ ಢವಢವ. ಯಾವ ಕಡೆಗೆ ಬಡಿದುಕೊಳ್ಳುತ್ತಿದೆ ಅಂತ ಅವನಿಗೇ ಗೊತ್ತಾಗಲಿಲ್ಲ.

ಹೆಂಡತಿ: ಇಲ್ಲ ರೀ. ಸರಿಯಾಗಿ ಬಂದಿಲ್ಲ.

ಪೇಂಟರ್: ಬಂದಿಲ್ವಾ? ನಿಜವಾಗ್ಲೂ ಬಂದಿಲ್ವಾ ಅತ್ತಿಗೆ? ನಿಮ್ಮ ಬಾಯಿಗೆ ಸಕ್ಕರೆ ಹಾಕ!

ಹೆಂಡತಿ: ಮಾತು ಅಂದ್ರೆ ಮಾತು. ನೀವು ಗೆದ್ದಿರಿ. ಭಾನುವಾರ ಆರಾಮಾಗಿ ಹೋಗಿ ಆಡ್ಕೊಳ್ಳಿ.

ಪೇಂಟರ್ ಮೇಸ್ತ್ರಿಯ ತೋಳು ಹಿಡಿದು ಬಾಗಿಲ ಕಡೆ ಎಳೆದ. ಮೇಸ್ತ್ರಿ ನಿಂತ ಜಾಗದಿಂದ ಅಲುಗಲಿಲ್ಲ.

ಮೇಸ್ತ್ರಿ: ಏನು ಸರಿಯಾಗಿ ಬಂದಿಲ್ಲ?

ಹೆಂಡತಿ: ಹೋಗ್ಲಿ ಬಿಡಿ. ನಿಮ್ಮ ಕಸುಬಲ್ಲ ಅದು.

ಮೇಸ್ತ್ರಿ: ಬಿಡಿ ಅಂದ್ರೆ ಹೇಗೆ? ಎಲ್ಲಿ ಕೆಟ್ಟಿದೆ ಹೇಳು.

ಹೆಂಡತಿ: ಎಲ್ಲೋ ಒಂದು ಕಡೆ ಸಣ್ಣ ಗಂಟು ಸಿಕ್ಕ ಹಾಗಾಯ್ತು.

ಮೇಸ್ತ್ರಿ: ಗಂಟಾ?

ಪೇಂಟರ್: ಹೌದು ಕಣೋ, ಗಂಟು! ಬಾ ಹೋಗೋಣ.

ಮೇಸ್ತ್ರಿ: ನನ್ನ ಕೆಲಸದಲ್ಲಿ ಗಂಟಾ? ಎರಡೆರಡು ಸಲ ಜರಡಿ ಹಿಡಿದಿದ್ದೀನಿ! ಮೂವತ್ತು ವರ್ಷದಲ್ಲಿ ಯಾವ ಮನೆಯ ಯಜಮಾನನೂ ಈ ಮಾತು ಆಡಿಲ್ಲ ನನಗೆ!

ಹೆಂಡತಿ: ಅವರ್ಯಾರೂ ಗೋಡೆ ಕುಡಿದು ನೋಡಿರಲಿಲ್ವಲ್ಲ.

ಮೇಸ್ತ್ರಿ: ಭಾನುವಾರ! ಭಾನುವಾರ ಬೆಳಿಗ್ಗೆ ನೀನು ಅಡುಗೆಮನೆಯಲ್ಲೇ ಕುರ್ಚಿ ಹಾಕ್ಕೊಂಡು ಕೂರು. ನಿನ್ನ ಕಣ್ಣೆದುರಿಗೇ ಕಲೆಸ್ತೀನಿ. ಒಂದು ಗಂಟು ತೋರಿಸು, ಈ ಕಸುಬೇ ಬಿಡ್ತೀನಿ!

ಹೆಂಡತಿ: ಬೇಡ ರೀ, ನಿಮ್ಮ ಆಟ ತಪ್ಪುತ್ತೆ.

ಮೇಸ್ತ್ರಿ: ಆಟಕ್ಕಿಷ್ಟು ಬೆಂಕಿ ಬೀಳ್ಲಿ!

ಪೇಂಟರ್: ಲೋ ಮುಟ್ಠಾಳ, ಗೆದ್ದಿದ್ದೀಯ ಕಣೋ! ಗೆದ್ದು ಕೈಗೆ ಬಂದಿದ್ದನ್ನ ವಾಪಸ್ ಕೊಡ್ತಿದ್ದೀಯಲ್ಲೋ! ಅತ್ತಿಗೆ, ಈ ದಡ್ಡನ ಮಾತು ಕಿವಿಗೆ ಹಾಕ್ಕೋಬೇಡಿ. ನಾವು ಹೊರಟ್ವಿ.

ಹೆಂಡತಿ: ಹೋಗಿ ಬನ್ನಿ. ಗಂಟೊಂದೇ ಆಗಿದ್ರೆ ನಾನು ಸುಮ್ಮನಿರ್ತಿದ್ದೆ. ಬಣ್ಣನೂ ಸ್ವಲ್ಪ ಮಂಕು.

ಪೇಂಟರ್ ಮೇಸ್ತ್ರಿಯ ತೋಳು ಬಿಟ್ಟ.

ಪೇಂಟರ್: ಏನಂದ್ರಿ?

ಹೆಂಡತಿ: ಬಣ್ಣ. ಮಾಸಿದ ಹಾಗಿದೆ. ಯಾರೋ ಕಲಿಯೋರು ಹೊಡೆದಿರಬೇಕು.

ಪೇಂಟರ್: ಮಾಸಿದೆಯಾ? ಬಿಸಿಲಿಗೆ ಹಿಡಿದು ನೋಡಿ ಅತ್ತಿಗೆ! ಬೆಳ್ಳಗಿದ್ದದ್ದನ್ನೆಲ್ಲಾ ನಾನೇ ಕತ್ತರಿಸಿ... ನಾನೇ ನಿಂತು... ಕಲಿಯೋನಂತೆ! ಭಾನುವಾರ ಎಷ್ಟು ಗಂಟೆಗೆ ಬರಲಿ?

ಹೆಂಡತಿ: ಏಳಕ್ಕೆ ಬಂದ್ರೆ ಒಳ್ಳೇದು. ಮಧ್ಯಾಹ್ನದ ಅಡುಗೆಯಲ್ಲೂ ನಿಮ್ಮಿಬ್ಬರ ಕೈ ಎಷ್ಟರ ಮಟ್ಟಿಗಿದೆ ನೋಡಿಬಿಡೋಣ. ಬರುವಾಗ ಬಡಗಿಯನ್ನೂ ಕರ್ಕೊಂಡು ಬನ್ನಿ, ತರಕಾರಿ ಹೆಚ್ಚೋಕೆ ಆಗ್ತಾನೆ.

ಇಬ್ಬರೂ ಆಗಲೇ ಬಾಗಿಲಲ್ಲಿ ಕಿತ್ತಾಡುತ್ತಿದ್ದರು. ಹಣ್ಣು ಆರಿಸುವುದು ತಾನೇ ಅಂತ ಪೇಂಟರ್, ಹಣ್ಣಿಗೆ ಕೈ ಹಚ್ಚಿದರೆ ಜೋಕೆ ಅಂತ ಮೇಸ್ತ್ರಿ. ಹೆಂಡತಿ ಲೋಟವನ್ನು ಬಾಯಿಗೆ ಪೂರ್ತಿ ಬಗ್ಗಿಸಿ, ಕೊನೆಯ ತೊಟ್ಟು ಬೀಳುವ ತನಕ ಕಾದಳು.

ಹೆಂಡತಿ: ರೀ, ಹೋಗೋಕೆ ಮುಂಚೆ ಆ ಜಾರಿನ ತಳದಲ್ಲಿ ಉಳಿದಿರೋದನ್ನೂ ಬಳಿದು ಕೊಟ್ಟು ಹೋಗಿ. ಇನ್ನೂ ಎಷ್ಟು ಗಂಟಿದೆ ನೋಡ್ತೀನಿ.