ಮಗನಿಗಾಗಿ ಕಾಲು ಗಂಟೆ

ಇಷ್ಟಕ್ಕೆಲ್ಲ ಕಾರಣ ಒಂದು ಹೊದಿಕೆ. ಬೆಳಿಗ್ಗೆ ಏಳು ಗಂಟೆಗೆ ಟೈಮಪ್ಪ ಅದನ್ನು ಮಗನ ಮೈಮೇಲಿಂದ ಎಳೆದ. ಹೆಂಡತಿ ಮತ್ತೆ ಹೊದಿಸಿದಳು.

"ರೀ, ಮಗು ಇನ್ನೈದು ನಿಮಿಷ ಮಲಗ್ಲಿ ಬಿಡಿ. ಕಣ್ಣೇ ಬಿಡೋಕಾಗ್ತಿಲ್ಲ ಪಾಪ."

ಮಗುವಿಗೆ ಇಪ್ಪತ್ತಾರು ವರ್ಷ. ಮೀಸೆಯಿತ್ತು, ಗೊರಕೆಯಿತ್ತು, ಸಾಬೂನು ಕಾರ್ಖಾನೆಯಲ್ಲಿ ಸರಕು ಕಳಿಸುವ ಗುಮಾಸ್ತನ ಕೆಲಸವೂ ಇತ್ತು. ಅದು ಎಷ್ಟು ದಿನ ಇರುತ್ತದೆ ಎಂಬುದೇ ಈಗಿನ ಚಿಂತೆ. ತಿಂಗಳಲ್ಲಿ ಮೂರು ಸಲ ತಡವಾಗಿ ಬಂದವನು ಮನೆಗೆ ಹೋಗಬೇಕೆಂದು ಅಲ್ಲಿನ ಕಟ್ಟಳೆ. ಇವನದು ಎರಡು ಸಲ ಆಗಿತ್ತು. ತಿಂಗಳು ಅರ್ಧವೂ ಮುಗಿದಿರಲಿಲ್ಲ.

ಟೈಮಪ್ಪ ಅದೇ ಕಾರ್ಖಾನೆಯ ಗೇಟಿನ ಮೇಲಿನ ದೊಡ್ಡ ಗಡಿಯಾರಕ್ಕೆ ಕೀಲಿ ಕೊಟ್ಟು, ಎಣ್ಣೆ ಬಿಟ್ಟು ನೋಡಿಕೊಳ್ಳುವವನು. ಮೂವತ್ತು ವರ್ಷದಲ್ಲಿ ಅದು ಒಂದು ನಿಮಿಷ ಹಿಂದುಮುಂದಾಗಿರಲಿಲ್ಲ. ಅದಕ್ಕೇ ಆ ಅಡ್ಡಹೆಸರು. ಜೇಬಿಗೊಂದು ಫೋನು ಇನ್ನೂ ಬಂದಿರದ ಕಾಲ, ಇಡೀ ಬೀದಿ ಅವನ ಗಡಿಯಾರ ನೋಡಿಯೇ ಹಲ್ಲುಜ್ಜುತ್ತಿತ್ತು. ಗಡಿಯಾರದ ವಿಷಯದಲ್ಲಿ ಇಷ್ಟು ನಿಯತ್ತಿನ ಮನುಷ್ಯ ಮಗನ ವಿಷಯಕ್ಕೆ ಬಂದರೆ ಮಾತ್ರ ಬಾಯಿಬಿಟ್ಟರೆ ಸುಳ್ಳು. ಮಗ ಮ್ಯಾನೇಜರ ಕಿಟಕಿಯ ಗಾಜು ಒಡೆದಾಗ "ನನ್ನ ಏಣಿ ತಾಗಿತು" ಎಂದಿದ್ದ. ಮಗ ಹತ್ತು ಪೆಟ್ಟಿಗೆ ಸಾಬೂನನ್ನು ಮಳೆಯಲ್ಲಿ ಮರೆತು ಅಂಗಳವೆಲ್ಲ ನೊರೆಯೆದ್ದಾಗ "ಅಲ್ಲಿಡು ಅಂತ ನಾನೇ ಹೇಳಿದ್ದು" ಎಂದು ತಲೆತಗ್ಗಿಸಿ ಬೈಸಿಕೊಂಡಿದ್ದ.

"ಇವತ್ತು ಎಂಟು ದಾಟಿದ್ರೆ ಇವನ ಕತೆ ಮುಗೀತು," ಎಂದು ಹೆಂಡತಿಗೆ ಹೇಳಿ ಹೊರಟ. ಕಾರ್ಖಾನೆ ಮುಟ್ಟಿ ಏಣಿ ಹತ್ತಿದ. ಅತ್ತ ಇತ್ತ ನೋಡಿ, ದೊಡ್ಡ ಮುಳ್ಳನ್ನು ಕಾಲು ಗಂಟೆ ಹಿಂದಕ್ಕೆ ತಳ್ಳಿದ. ಕೆಳಗಿಳಿದಾಗ ಗಡಿಯಾರದ ಮುಖ ನೋಡಲು ಅವನಿಗೆ ನಾಚಿಕೆಯಾಯಿತು.

ಸೈರನ್ ಊದುವ ಗೇಟಿನ ಕಾವಲುಗಾರ ತನ್ನ ಕೈಗಡಿಯಾರ ನೋಡಿ ತಲೆ ಕೆರೆದುಕೊಂಡ.

"ಟೈಮಪ್ಪ, ನನ್ನ ವಾಚಲ್ಲಿ ಆಗ್ಲೇ ಎಂಟಾಯ್ತಲ್ಲೋ?"

"ನಿಮ್ಮ ಮಾವ ಕೊಟ್ಟಿದ್ದಲ್ವಾ ಅದು?"

"ಹೌದು."

"ಮತ್ತೆ?"

ಕಾವಲುಗಾರ ಮಾವನಿಗೆ ಎರಡು ಮಾತು ಬೈದು ಮುಳ್ಳು ತಿರುಗಿಸಿಕೊಂಡ.

ಗೇಟಿನ ಗಡಿಯಾರದಲ್ಲಿ ಎಂಟಕ್ಕೆ ಇನ್ನೆರಡು ನಿಮಿಷ ಇರುವಾಗ ಮಗ ಆಕಳಿಸುತ್ತ ಬಂದ. "ನೋಡಪ್ಪಾ, ಬಸ್ಸು ತಪ್ಪಿದ್ರೂ ಟೈಮಿಗೆ ಬಂದೆ!" ಎಂದ. ಎಲ್ಲ ಗೊತ್ತಿದ್ದರೂ ಟೈಮಪ್ಪನ ಎದೆ ಉಬ್ಬಿತು.

ಒಂಬತ್ತಕ್ಕೆ ಮ್ಯಾನೇಜರು ಬಂದವರೇ ಕೈಗಡಿಯಾರ ಬಿಚ್ಚಿ ಕೊಟ್ಟರು. "ಟೈಮಪ್ಪನೋರೇ, ಇದು ಕಾಲು ಗಂಟೆ ಮುಂದೆ ಓಡ್ತಿದೆ, ನೋಡಿ."

ಟೈಮಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು, "ಒಳಗೆ ಧೂಳು ಕೂತಿದೆ ಸಾರ್, ಮಧ್ಯಾಹ್ನ ಕೊಡ್ತೀನಿ" ಎಂದ. ಒಂದಿಷ್ಟೂ ಕೆಡದ ಆ ವಾಚು ಅಂಗಿಯ ಜೇಬಿನಲ್ಲಿ ಕೂತು ಚಾಡಿಕೋರನ ಹಾಗೆ ಟಿಕ್ ಟಿಕ್ ಎನ್ನುತ್ತಲೇ ಇತ್ತು.

ಊಟದ ಹೊತ್ತಿನಲ್ಲಿ ಎಲ್ಲರೂ ಬುತ್ತಿ ಬಿಚ್ಚಿದಾಗ ಮತ್ತೆ ಏಣಿ ಹತ್ತಿ ಮುಳ್ಳನ್ನು ಸರಿಯಾದ ಜಾಗಕ್ಕೆ ತಂದ. ಮ್ಯಾನೇಜರ ವಾಚಿನ ಗಾಜು ಒರೆಸಿ ಹಾಗೇ ಹಿಂದಿರುಗಿಸಿದ. ಕಾವಲುಗಾರ ಬಾಯಿ ತುಂಬ ಅನ್ನ ಇಟ್ಟುಕೊಂಡೇ ಕೂಗಿದ: "ಅಯ್ಯೋ, ಈಗ ಕಾಲು ಗಂಟೆ ಹಿಂದಾಯ್ತಲ್ಲೋ ನಂದು!"

"ನಾನು ಹೇಳ್ಲಿಲ್ವಾ? ಅದನ್ನ ನಂಬೋ ಹಾಗಿಲ್ಲ," ಎಂದ ಟೈಮಪ್ಪ. ಕಾವಲುಗಾರ ವಾಚು ಬಿಚ್ಚಿ ಬುತ್ತಿಯ ಚೀಲಕ್ಕೆ ಎಸೆದ. ಟೈಮಪ್ಪನಿಗೆ ಹೋದ ಜೀವ ಬಂದಂತಾಯಿತು.

ಎರಡಕ್ಕೆ ಇನ್ನೂ ಐದು ನಿಮಿಷವಿತ್ತು, ಮ್ಯಾನೇಜರ ಕೋಣೆಯಿಂದ ಕರೆ ಬಂತು. ಒಳಗೆ ಮಗ ಬೆವರುತ್ತ ನಿಂತಿದ್ದ.

"ಹನ್ನೆರಡರ ರೈಲಿಗೆ ಹೋಗಬೇಕಾದ ಸರಕು ಸ್ಟೇಷನ್ನಲ್ಲೇ ಬಿದ್ದಿದೆ," ಎಂದರು ಮ್ಯಾನೇಜರು. "ಲಾರಿ ಅಲ್ಲಿ ಮುಟ್ಟಿದ್ದು ಹನ್ನೆರಡೂ ಐದಕ್ಕೆ. ಇಪ್ಪತ್ತು ನಿಮಿಷದ ದಾರಿ. ಅಂದ್ರೆ ಇಲ್ಲಿಂದ ಬಿಟ್ಟಿದ್ದು ಹನ್ನೊಂದೂ ಮುಕ್ಕಾಲಿಗೆ. ನಿಮ್ಮ ಮಗ ಪುಸ್ತಕದಲ್ಲಿ ಬರೆದಿರೋದು ಹನ್ನೊಂದೂವರೆ! ತಡ ಮಾಡಿದ್ದೂ ಅಲ್ದೆ ಸುಳ್ಳು ಬೇರೆ."

"ಗಡಿಯಾರ ನೋಡೇ ಬರೆದೆ ಸಾರ್! ನಿಜವಾಗ್ಲೂ ಹನ್ನೊಂದೂವರೆ!" ಮಗನ ದನಿ ಒಡೆಯಿತು. ಹುಟ್ಟಿದ ಮೇಲೆ ಮೊದಲ ಸಲ ಅವನು ಒಂದು ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿದ್ದ.

ಟೈಮಪ್ಪನಿಗೆ ತಡೆಯಲಾಗಲಿಲ್ಲ. "ಸಾರ್, ತಪ್ಪು ನಂದು. ಬೆಳಿಗ್ಗೆ ನಾನೇ ಗಡಿಯಾರದ ಮುಳ್ಳು ಕಾಲು ಗಂಟೆ ಹಿಂದಕ್ಕಿಟ್ಟಿದ್ದೆ. ಊಟದ ಹೊತ್ತಲ್ಲಿ ಸರಿ ಮಾಡ್ದೆ."

ಮ್ಯಾನೇಜರು ಅವನನ್ನೇ ನೋಡಿದರು, ಆಮೇಲೆ ನಕ್ಕುಬಿಟ್ಟರು. "ಗಾಜು ಒಡೆದಿದ್ದು ನೀವು, ಸಾಬೂನು ನೆನೆಸಿದ್ದು ನೀವು. ಈಗ ರೈಲು ತಪ್ಪಿಸಿದ್ದೂ ನೀವೇನಾ?"

"ನಿಮ್ಮ ವಾಚು ಬೆಳಿಗ್ಗೆ ಸರಿಯಾಗೇ ಇತ್ತು ಸಾರ್! ನಾನದನ್ನ ಬಿಚ್ಚೂ ಇಲ್ಲ!"

"ಧೂಳು ತೆಗೆದು ಅಷ್ಟು ಚೆನ್ನಾಗಿ ರಿಪೇರಿ ಮಾಡಿ, ಈಗ ಮಾಡೇ ಇಲ್ಲ ಅಂತೀರಾ? ಮಗನಿಗೋಸ್ಕರ ಏನು ಬೇಕಾದ್ರೂ ಹೇಳ್ತೀರಲ್ಲ!"

ಮೇಜಿನ ಮೇಲಿನ ರೇಡಿಯೋ ಎರಡು ಗಂಟೆಯ ಸದ್ದು ಮಾಡಿತು. ಮ್ಯಾನೇಜರು ವಾಚು ನೋಡಿದರು, ಕಿಟಕಿಯಿಂದ ಗೇಟಿನ ಗಡಿಯಾರ ನೋಡಿದರು. ಮೂರರಲ್ಲೂ ಸರಿಯಾಗಿ ಎರಡು.

ಟೈಮಪ್ಪ ಓಡಿಹೋಗಿ ಕಾವಲುಗಾರನನ್ನು ಎಳೆದು ತಂದ. "ಹೇಳಪ್ಪಾ, ಬೆಳಿಗ್ಗೆ ಗಡಿಯಾರ ಕೆಟ್ಟಿತ್ತು ಅಂತ ಹೇಳು!"

"ಎಲ್ಲಾದ್ರೂ ಉಂಟೇ!" ಕಾವಲುಗಾರ ಗೆಳೆಯನ ಮಾನ ಕಾಪಾಡಲು ಎದೆ ಸೆಟೆಸಿದ. "ಟೈಮಪ್ಪನ ಗಡಿಯಾರ ಯಾವತ್ತು ಕೆಟ್ಟಿತ್ತು ಸಾರ್? ಕೆಟ್ಟಿದ್ದು ನನ್ನ ವಾಚು. ನಮ್ಮ ಮಾವ ಕೊಟ್ಟಿದ್ದು."

ಮ್ಯಾನೇಜರು ಮಗನ ಹೆಸರಿನ ಮೇಲೆ ಗೀಟು ಎಳೆದರು. ಟೈಮಪ್ಪನ ಬೆನ್ನು ತಟ್ಟಿ, "ನೀವು ಮಾತ್ರ ಇರಬೇಕು. ನಿಮ್ಮಷ್ಟು ನಂಬಿಕಸ್ಥರು ನಮಗೆಲ್ಲಿ ಸಿಗ್ತಾರೆ?" ಎಂದರು.

ಸಂಜೆ ಮನೆಗೆ ಬಂದರೆ ಮಗ ಹೊದ್ದು ಮಲಗಿದ್ದ. ಹೆಂಡತಿ ತುಟಿಯ ಮೇಲೆ ಬೆರಳಿಟ್ಟು, "ಶ್! ಮಗು ತುಂಬಾ ನೊಂದಿದೆ ರೀ. ಹೋಗ್ಲಿ, ನಾಳೆಯಿಂದ ಬೇಗ ಏಳೋ ಕಾಟವಾದ್ರೂ ತಪ್ಪಿತು" ಎಂದಳು.

ಟೈಮಪ್ಪ ಮಂಚದ ತುದಿಯಲ್ಲಿ ಕೂತ. ಹೊದಿಕೆಯೊಳಗಿಂದ ಮಗನ ದನಿ ಬಂತು.

"ಅಪ್ಪಾ, ಹೇಳೋದೇ ಆಗಿದ್ರೆ ನಂಬೋ ಥರದ್ದೊಂದು ಸುಳ್ಳು ಹೇಳಬಾರದಿತ್ತಾ?"

ಮಗನ ಕಾಲು ಹೊದಿಕೆಯಿಂದ ಹೊರಗೆ ಬಂದಿತ್ತು. ಟೈಮಪ್ಪ ಎದ್ದು ಹೊದಿಸಿದ.