ಲಾರಿ ಹತ್ತಿ ಬಂದ ಅತ್ತೆಯ ಮನೆ

ನಾನು ಹೊಸದೇನಾದರೂ ಕೈಗೆತ್ತಿಕೊಂಡರೆ ಸಾಕು, ಬೆಟ್ಟದ ಮೇಲಿನ ನಮ್ಮೂರು ನಂಜನಾಡಿನ ಜನಕ್ಕೆ ಒಂದು ವಾರ ನಗಲು ಸಾಮಾನು ಸಿಗುತ್ತದೆ. ಊರಿಗಿಂತ ಹತ್ತು ವರ್ಷ ಮುಂದೆ ಓಡುವವನ ಪಾಡೇ ಹೀಗೆ. ಕ್ಯಾರೆಟ್ ತೊಳೆಯುತ್ತಿದ್ದ ನಾನೀಗ ಕೊಯಮತ್ತೂರಿನ ಕಂಪನಿಯೊಂದರ ಸೂಪರ್‌ವೈಸರ್. ಕಾರ್ಖಾನೆಯಲ್ಲೇ ಗೋಡೆ ಎರಕ ಹೊಯ್ದು, ಲಾರಿಯಲ್ಲಿ ತಂದು, ಮೂರು ದಿನದಲ್ಲಿ ಮನೆ ನಿಲ್ಲಿಸುವ ಕಂಪನಿ. ನನ್ನ ಮೊದಲ ಗಿರಾಕಿ ಸೋದರತ್ತೆ. ಗೃಹಪ್ರವೇಶಕ್ಕೆ ದಿನ ಇಟ್ಟು ಊರಿಗೆಲ್ಲ ಹೇಳಿಯೂ ಆಗಿತ್ತು. "ಆವತ್ತು ಅಷ್ಟೂ ಜನ ಮನೆಯೊಳಗೆ ಕಾಲಿಡದಿದ್ದರೆ ಮೀಸೆ ಬೋಳಿಸ್ತೀನಿ!" ಎಂದು ಊರ ಮೇಸ್ತ್ರಿಯ ಎದುರೇ ಸವಾಲು ಹಾಕಿದ್ದೆ.

೧. ಕನ್ನಡಕದೊಳಗಿನ ಮನೆ

ಕಟ್ಟುವ ಮೊದಲೇ ಮನೆ ತೋರಿಸುವ ಕನ್ನಡಕವೊಂದು ನಮ್ಮಲ್ಲಿದೆ. ಕಣ್ಣಿಗೆ ಕಟ್ಟಿಕೊಂಡರೆ ಕೋಣೆ ಕೋಣೆ ಸುತ್ತಬಹುದು. ಖಾಲಿ ಜಾಗದಲ್ಲಿ ಅತ್ತೆಯನ್ನು ನಿಲ್ಲಿಸಿ ಕನ್ನಡಕ ಕಟ್ಟಿದೆ. ಅತ್ತೆ ಚಪ್ಪಲಿ ಬಿಟ್ಟಳು. ಬಲಗಾಲಿಟ್ಟಳು. ಎರಡು ಹೆಜ್ಜೆ ನಡೆದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಹೆಂಗಿದೆ ಅತ್ತೆ?"

"ಚೆನ್ನಾಗೈತೆ ಕಣೋ. ನೀನ್ಯಾಕೆ ಹೊರಗೆ ಮಂಜಲ್ಲಿ ನಿಂತಿದ್ದೀಯ? ಒಳಗೆ ಬಾ."

೨. ಕೆಂಪು ಗೆರೆ

ಅಡಿಪಾಯದ ಮಟ್ಟ ನೋಡಲು ಲೇಸರ್ ತಂದೆ. ಅಡಿಪಾಯದ ಕೆಲಸ ಹಿಡಿದಿದ್ದ ಮೇಸ್ತ್ರಿ ಮಟ್ಟ ನೋಡೋಕೆಂದೇ ನೀರು ತುಂಬಿದ ಟ್ಯೂಬ್ ಹಿಡಿದು ಬಂದಿದ್ದ.

"ಅಣ್ಣಾ, ಅದನ್ನ ಬಟ್ಟೆ ಒಣಗಿಸೋಕೆ ಕಟ್ಟಿ" ಎಂದೆ.

ಸ್ವಿಚ್ ಒತ್ತುವ ಹೊತ್ತಿಗೆ ಮಂಜು ಇಳಿಯಿತು. ಅಳತೆಕೋಲಿನ ಮೇಲೆ ಬೀಳಬೇಕಾದ ಲೇಸರ್ ಗೆರೆ ಮಂಜಿನಲ್ಲೇ ಹರಡಿಕೊಂಡು ಸುತ್ತಲೂ ಕೆಂಪೋ ಕೆಂಪು.

"ತಂಬಿ, ಇದ್ರಲ್ಲಿ ಮಟ್ಟ ಯಾವುದು?"

ನನಗೂ ಅದೇ ಪ್ರಶ್ನೆ. ಟ್ಯೂಬಿನ ಇನ್ನೊಂದು ತುದಿ ಹಿಡಿದುಕೊಂಡೆ.

"ಹುಷಾರು ತಂಬಿ, ನೀರು ಚೆಲ್ಲಿದ್ರೆ ಚಾರ್ಜ್ ಇಳಿದುಹೋಗುತ್ತೆ" ಎಂದ ಮೇಸ್ತ್ರಿ.

೩. ಬಾಗಿಲು

ಗೋಡೆಗಳು ಬಂದವು. ಮೂರು ದಿನವೂ ಮಂಜು, ಕ್ರೇನಿನ ಕೊಕ್ಕೆಯೇ ಕಾಣದು. ನಕ್ಷೆ ಟ್ಯಾಬಿನಲ್ಲಿತ್ತು. ಬಾಗಿಲು ರಸ್ತೆಯ ಕಡೆ ಬರಬೇಕೆಂದು ಟ್ಯಾಬನ್ನು ತಿರುಗಿಸಿದೆ, ಚಿತ್ರವೂ ತಿರುಗಿತು. ನಾನೇ ತಿರುಗಿ ನಿಂತೆ. ರಸ್ತೆ ಯಾವ ಕಡೆ ಎಂಬುದೇ ಮರೆತುಹೋಯಿತು.

"ಬಾಗಿಲು ಎತ್ತ ಸಾರ್?" ಕ್ರೇನಿನವನು ಕೂಗಿದ.

ಗೊತ್ತಿಲ್ಲ ಎನ್ನುವ ಮಾತು ನಮ್ಮ ವಂಶದಲ್ಲೇ ಇಲ್ಲ. "ಅತ್ತ!" ಎಂದು ಕೈ ತೋರಿಸಿಬಿಟ್ಟೆ.

ಗೃಹಪ್ರವೇಶದ ಬೆಳಿಗ್ಗೆ ಮಂಜು ಸರಿಯಿತು. ರಸ್ತೆಯ ಕಡೆ ಬಚ್ಚಲಿನ ಪುಟ್ಟ ಕಿಟಕಿ. ಇದ್ದದ್ದೊಂದೇ ಬಾಗಿಲು ಹಿಂದಿನ ಗುಡ್ಡಕ್ಕೆ ಮುಖ ಮಾಡಿತ್ತು. ಬಾಗಿಲಿಗೂ ಗುಡ್ಡಕ್ಕೂ ನಡುವೆ ಒಂದು ಮೊಳ ಜಾಗ. ಪುರೋಹಿತರ ಹೊಟ್ಟೆ ಒಂದೂವರೆ ಮೊಳ.

ಮೇಸ್ತ್ರಿ ಜೇಬಿನಿಂದ ಬ್ಲೇಡ್ ತೆಗೆದ. "ತಂಬಿ, ಮೀಸೆ?"

ಅತ್ತೆ ಮನೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಆ ಕನ್ನಡಕ ತಾರೋ."

ಅಂಗಳದಲ್ಲಿ ಸಾಲು ನಿಂತಿತು. ಒಬ್ಬೊಬ್ಬರೂ ಚಪ್ಪಲಿ ಬಿಟ್ಟು, ಕನ್ನಡಕ ಕಟ್ಟಿಕೊಂಡು, ಬಲಗಾಲಿಟ್ಟು ಒಳಗೆ ಹೋಗಿ ಬಂದರು. ಪುರೋಹಿತರೂ ಆರಾಮಾಗಿ ಹೊಕ್ಕರು.

ಮೇಸ್ತ್ರಿ ಬಿಡಲಿಲ್ಲ. "ಅಕ್ಕಾ, ಇದೆಲ್ಲ ಆಗಲ್ಲ. ಮೀಸೆ ಬೋಳಿಸಲೇಬೇಕು."

"ಬೋಳಿಸಪ್ಪ, ಬೇಡ ಅಂದವರ್ಯಾರು?" ಎನ್ನುತ್ತಾ ಅತ್ತೆ ಕನ್ನಡಕವನ್ನು ಮೇಸ್ತ್ರಿಯ ಕಣ್ಣಿಗೇ ಕಟ್ಟಿದಳು. "ಇದ್ರೊಳಗೇ ಬೋಳಿಸು."